ಪೀಠಿಕಿ ಕಲಿಸಿದ ಎಡಗಾಲಿನ ಚಪ್ಲಿ

ಸೊಳ್ಳಿಗಳಿಗೆ ನಮ್ಮ ಪೂರ್ವಜರು ಗೌರವದ ಸ್ಥಾನ ಕೊಟ್ಟಿದ್ರು ಅಂತ ಒಂದು ಕ್ಲಾಸಿನ ಹುಡುಗ್ರೆಲ್ಲಾ ಒಟ್ಟಿಗೇ ಬರದು ಕೊಟ್ಟಿದ್ರು. ಆ ಕ್ಲಾಸಿಗೆ ಕನ್ನಡ ಹೇಳ್ತಿದ್ದಾವ ನಾನೇ.

ನೋಡಿದ್ರ್ಯಾ? ಮುಂದ ಏನಾತು ಅಂತ ಕಣ್ಣು ಕೆಳಗ ಓಡಾಕತ್ತೈತಿ. ಇದಕ್ಕ ಪೀಠಿಕಿ ಅಂತಾರ. ಹೊಸಾದಾಗಿ ಕನ್ನಡ ಮೇಷ್ಟ್ರಾಗಿ ಸೇರಿದ ತಮ್ಮಗಳು ತಂಗಿಗಳು ಈಗಲೂ ನಮ್ಮ ಮನಿಗಿ ಬರ್ತಾರ. "ಸಾರ್, ಹುಡುಗ್ರಿಗೆ ಪ್ರಬಂಧದ ಪೀಠಿಕಿ ಹೆಂಗ ಕಲಸ್ಬೇಕು ಹೇಳ್ರಿ" ಅಂತಾರ. ಕೇಳ್ಲೇಬೇಕು. ಸಿರುಗುಪ್ಪ, ಕುರುಗೋಡು, ಬಳ್ಳಾರಿ, ಈ ಮೂರೂ ಊರಾಗ ಈ ಪಂಪಾಪತಿ ಮೇಷ್ಟ್ರಷ್ಟು ಪೀಠಿಕಿ ಬರಸಿದ ಮನಷ್ಯಾ ಇನ್ನೊಬ್ಬ ಇಲ್ಲ. ಇದ್ರ ಕರಕೊಂಡ ಬರ್ರಿ, ಅವನಿಗೂ ಎರಡು ಮಾತು ಕಲಿಸಿ ಕಳಸ್ತೀನಿ.

ನನಗ ಯಾವಾಗ ಬಡ್ತಿ ಸಿಕ್ತು, ಯಾರು ಶಾಲು ಹೊದಿಸಿದ್ರು ಅಂತ ಇಲ್ಲಿ ಹುಡುಕಬ್ಯಾಡ್ರಿ. ಅದು ನಮ್ಮ ಮನಿಯಾಕಿಗೂ ನೆನಪಿಲ್ಲ. ಆ ಶಾಲಿನ ಮ್ಯಾಲೆ ಆಕಿ ಸಂಡಿಗಿ ಒಣಗಸ್ತಾಳ. ನಾನು ಹೇಳೋದು ಕೆಲಸದ ಮಾತು.

ನನ್ನ ಮೊದಲ್ನೇ ಸಾಲಿ ಸಿರುಗುಪ್ಪದಾಗ. ಅರವತ್ತರ ದಶಕದ ಮಾತು. ತುಂಗಭದ್ರಾ ಕಾಲುವಿ ನೀರು ಬಂದು ಸುತ್ತಾ ಎಲ್ಲಾ ಭತ್ತದ ಗದ್ದಿ. ಭತ್ತ ಎಷ್ಟು ಬೆಳೀತಿತ್ತೋ ಸೊಳ್ಳಿನೂ ಅಷ್ಟೇ ಬೆಳೀತಿದ್ವು. ನಾನು ಇಪ್ಪತ್ತೆರಡರ ಹುಡುಗ. ಎಣ್ಣಿ ಹಚ್ಚಿ ತಿದ್ದಿದ ಕ್ರಾಪು, ಇಸ್ತ್ರಿ ಮಾಡಿದ ಪೈಜಾಮ. ಹೆಡ್ಮಾಸ್ಟ್ರು ಶೇಷಾಚಾರ್ರು. ಹಣಿ ಮ್ಯಾಲೆ ಅಂಗಾರಕ್ಷತಿ, ಕೈಯಾಗ ನಸ್ಯದ ಡಬ್ಬಿ, ಬಾಯಾಗ ಸಂಸ್ಕೃತ. ಅವ್ರ ಪ್ರಕಾರ ಪ್ರಬಂಧ ಅಂದ್ರ ಮೊದ್ಲು ಒಂದು ಶ್ಲೋಕ, ಆಮ್ಯಾಲೆ ಶ್ಲೋಕದ ಅರ್ಥ, ಆಮ್ಯಾಲೆ ಶಬ್ದ ಎಲ್ಲಿಂದ ಹುಟ್ಟಿತು ಅನ್ನೋದು. ಅಷ್ಟು ಬರಿಯೋದ್ರಾಗ ನಮ್ಮ ಹುಡುಗ್ರಿಗೆ ಪೆನ್ನಿನಾಗ ಮಸಿ ಖಾಲಿ, ತಲ್ಯಾಗ ಮೊದ್ಲೇ ಖಾಲಿ.

ಆಗ ನಾನೊಂದು ಗುಳಿಗಿ ಕಂಡುಹಿಡದೆ. ಎಲ್ಲಾ ರೋಗಕ್ಕೂ ಒಂದೇ ಗುಳಿಗಿ. ಬೋರ್ಡಿನ ಮ್ಯಾಲೆ ಬರದೆ: "ಇಂದಿನ ಯುಗದಲ್ಲಿ ಡ್ಯಾಶ್ ಬಹು ಮುಖ್ಯವಾದುದು. ಡ್ಯಾಶ್ ಇಲ್ಲದ ಬದುಕನ್ನು ಊಹಿಸಲೂ ಸಾಧ್ಯವಿಲ್ಲ. ನಮ್ಮ ಪೂರ್ವಜರು ಸಹ ಡ್ಯಾಶ್‌ಗೆ ಗೌರವದ ಸ್ಥಾನ ನೀಡಿದ್ದರು. ಡ್ಯಾಶ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ."

"ಲೇ ಹುಡುಗ್ರಾ, ಪರೀಕ್ಷಾದಾಗ ಯಾವ ವಿಷಯ ಬಂದ್ರೂ ಡ್ಯಾಶಿನ ಜಾಗದಾಗ ಹಾಕ್ರಿ, ನುಂಗ್ರಿ, ಪಾಸಾಗ್ರಿ" ಅಂದೆ.

ಸಿರುಗುಪ್ಪ ಪೂರಾ ನನ್ನ ಗುಳಿಗಿ ನುಂಗಿತು. ಗ್ರಂಥಾಲಯ ಬಂತು, ಹಾಕಿದ್ರು. ವ್ಯಾಯಾಮ ಬಂತು, ಹಾಕಿದ್ರು. ಬ್ಯಾರೆ ಸಾಲಿ ಹುಡುಗ್ರು ನಮ್ಮ ಹುಡುಗ್ರ ಬೆನ್ನು ಹತ್ತಿ ಬರಕೊಂಡ್ರು. ನಾನು ಬಜಾರದಾಗ ಹೊಂಟ್ರ ಚಾ ಅಂಗಡಿಯಾವ ತಾನೇ ಕರದು ಕೂಡ್ರಿಸ್ತಿದ್ದ, ಅವನ ಮಗ ಪಾಸಾಗಿದ್ದ.

ಶೇಷಾಚಾರ್ರಿಗೆ ಈ ಸುದ್ದಿ ಗೊತ್ತಾತು. ಅರ್ಧವಾರ್ಷಿಕ ಪರೀಕ್ಷೆಗೆ ಪ್ರಬಂಧದ ವಿಷಯ ತಾವೇ ಕೊಟ್ರು: "ಸೊಳ್ಳೆಗಳ ಕಾಟ".

ಮುಂದಿಂದು ನಿಮಗ ಗೊತ್ತೈತಿ. ಆಚಾರ್ರು ನನ್ನ ತಮ್ಮ ಕೋಣಿಗಿ ಕರಸಿ ಒಂದು ಪೇಪರು ತಗದು ಓದಿದ್ರು.

"'ಸೊಳ್ಳೆಗಳು ಇಲ್ಲದ ಬದುಕನ್ನು ಊಹಿಸಲೂ ಸಾಧ್ಯವಿಲ್ಲ.' ಏನಯ್ಯಾ ಪಂಪಾಪತಿ, ಇದು?"

"ಸಿರುಗುಪ್ಪದಾಗ ಅದು ಖರೇನೇ ಅಲ್ರಿ ಸಾರ್?"

"ಪೂರ್ವಜರು ಗೌರವದ ಸ್ಥಾನ ಕೊಟ್ಟಿದ್ದರಂತೆ! ಯಾರ ಪೂರ್ವಜರಯ್ಯಾ? ನಿಮ್ಮವರಾ?"

"ನಮ್ಮಜ್ಜ ಸೊಳ್ಳಿ ಪರದಿ ಕಟ್ಟಿಕೊಳ್ತಿದ್ದಿಲ್ಲ ಸಾರ್. ಒಂಥರಾ ಗೌರವನೇ."

ಆಚಾರ್ರು ನಸ್ಯದ ಡಬ್ಬಿ ತಗದು ಒಂದು ಚಿಟಿಕಿ ತೋರಿಸಿದ್ರು. "ನೋಡಿಲ್ಲಿ. ಪೀಠಿಕೆ ಅಂದರೆ ಇಷ್ಟೇ ಇರಬೇಕು. ಆದರೆ ಏರಿಸಿದ ಕೂಡಲೇ ಸೀನು ಬರಬೇಕು. ನಿನ್ನದು ಹಿಟ್ಟು. ಎಷ್ಟು ಏರಿಸಿದರೂ ಮೂಗು ಕಟ್ಟುತ್ತದೆ, ಸೀನು ಬರೋದಿಲ್ಲ."

ಮಾತು ಚಲೋ ಇತ್ತು, ಆದ್ರ ನನ್ನ ಹಿಟ್ಟು ಅಂದದ್ದು ಮನಸಿಗೆ ಹತ್ತಿತು. ಮರುದಿನ ಅವ್ರು ಕೈಕಾಲು ತೊಳಕೊಳ್ಳಾಕ ಅಂತ ಡಬ್ಬಿ ಟೇಬಲಿನ ಮ್ಯಾಲೆ ಇಟ್ಟು ಹೋದಾಗ ಅದರಾಗ ಸಣ್ಣಗ ಕುಟ್ಟಿದ ಮೆಣಸಿನ ಪುಡಿ ಕಲಸಿದೆ. ಪ್ರಾರ್ಥನಾ ಹೊತ್ನ್ಯಾಗ ಆಚಾರ್ರು ಸೀನಿದ್ರು ನೋಡ್ರಿ! ಹುಡುಗ್ರು ಪ್ರಾರ್ಥನಾ ಬಿಟ್ಟು ಸೀನಿಗೆ ತಾಳ ಹಾಕಿದ್ರು. ಆಚಾರ್ರು ಕಣ್ಣು ಒರಸಿಕೊಂಡು ನೆಟ್ಟಗ ನನ್ನ ನೋಡಿದ್ರು. ಯಾರು ಮಾಡಿದ್ದು ಅಂತ ಕೇಳ್ಲಿಲ್ಲ. ಆ ವರ್ಷದ ಕೊನೀಗೆ ನನ್ನ ವರ್ಗಾವಣಿ ಆತು, ಕುರುಗೋಡಿಗೆ. ಮೆಣಸಿನಪುಡಿಗೂ ವರ್ಗಾವಣಿಗೂ ಸಂಬಂಧ ಇಲ್ಲಂತ ಆಫೀಸಿನಾರು ಹೇಳಿದ್ರು. ನಾನೂ ನಂಬೀನಿ.

ಕುರುಗೋಡಿನಾಗ ಹದಿನೈದು ವರ್ಷ ಕಳದ ಮ್ಯಾಲಿನ ಮಾತು. ನಮ್ಮ ಓಣ್ಯಾಗೇ ಶರಣಮ್ಮ ಅಂತ ಒಬ್ಬಾಕಿ ಇದ್ಲು. ಹೆಣ್ಮಕ್ಕಳ ಪ್ರೈಮರಿ ಸಾಲ್ಯಾಗ ತಾತ್ಕಾಲಿಕ ಟೀಚರು. ಗಂಡ ಬಳ್ಳಾರಿ ಬ್ರೂಸ್‌ಪೇಟೆ ಅಂಗಡ್ಯಾಗ ಮೂಟಿ ಹೊತ್ತು ಸೊಂಟ ಹಿಡಿಸಿಕೊಂಡು ಮನ್ಯಾಗ ಕುಂತಿದ್ದ. ಇಬ್ರು ಸಣ್ಣ ಮಕ್ಳು. ಆಕಿ ಪಗಾರದ ಮ್ಯಾಲೆ ಮನಿ ನಡೀಬೇಕು. ಆ ಕಾಲಕ್ಕ ತಾತ್ಕಾಲಿಕ ಟೀಚರುಗಳ್ನ ಕಾಯಂ ಮಾಡಾಕ ಬಳ್ಳಾರಿಯಾಗ ಒಂದು ಪರೀಕ್ಷಾ ಇಡ್ತಿದ್ರು. ಮೂರು ಸಲ ಕೂಡಬೌದು. ಮೂರನೇ ಸಲನೂ ಹೋತಂದ್ರ ನೌಕರಿನೂ ಹೋತು. ಶರಣಮ್ಮ ಎರಡು ಸಲ ಹೋಗಿ ಬಂದಿದ್ಲು. ಲೆಕ್ಕದಾಗ ಪಾಸು, ಸಮಾಜದಾಗ ಪಾಸು, ಕನ್ನಡದಾಗ ಫೇಲು. ಕನ್ನಡದಾಗೂ ಪ್ರಬಂಧದಾಗ ಮಾತ್ರ ಸೊನ್ನಿ.

"ಸಾರ್, ನೀವು ಪೀಠಿಕಿಗೆ ಭಾಳ ಹೆಸರಾದೋರಂತ" ಅಂತ ಒಂದಿನ ಬಂದ್ಲು. ಕುಂತ್ಕೊಂಡ್ಲು. ನಮ್ಮ ಮನಿಯಾಕಿ ಗೌರಮ್ಮನ ಆರೋಗ್ಯ ಕೇಳಿದ್ಲು. ನಮ್ಮ ಮಾವನ ಆರೋಗ್ಯ ಕೇಳಿದ್ಲು, ಅವ್ರು ತೀರಿಕೊಂಡು ವರ್ಷ ಆಗಿತ್ತು, ಅದಕ್ಕ ಮರುಗಿದ್ಲು. ಮಳಿ ಮಾತು ಆತು. ಚಾ ಆತು. ಎದ್ದು ಹೋಗುವಾಗ ಬಾಗಲದಾಗ ನಿಂತು "ಅಂದಂಗ ಸಾರ್, ನನಗ ಪ್ರಬಂಧ ಹೇಳಿಕೊಡ್ತೀರೇನು?" ಅಂದ್ಲು.

ಆಕಳ ಬಗ್ಗೆ ಒಂದು ಪ್ರಬಂಧ ಬರಕೊಂಡು ಬಾ ಅಂದೆ. ಬರಕೊಂಡು ಬಂದ್ಲು. "ಸೃಷ್ಟಿಯ ಆದಿಯಲ್ಲಿ ಎಲ್ಲೆಲ್ಲೂ ಕತ್ತಲೆ ಇತ್ತು" ಅಂತ ಶುರು. ಆಮ್ಯಾಲೆ ನೀರು ಬಂತು, ನೆಲ ಬಂತು, ಗಿಡ ಬಂತು, ಹುಳ ಬಂದ್ವು, ಮನಷ್ಯಾ ಬಂದ. ಪುಟದ ಮ್ಯಾಲೆ ಪುಟ. ಕೊನೀ ಪುಟದ ಕೊನೀ ಸಾಲಿನಾಗ "ಇಂತಹ ಜಗತ್ತಿನಲ್ಲಿ ಹಸು" ಅಂತ ನಿಂತಿತ್ತು.

"ಆಕಳು ಎಲ್ಲಿ ಶರಣಮ್ಮ?"

"ಈಗ ಬರೋದಿತ್ತು ಸಾರ್. ಹಾಳಿ ಮುಗೀತು."

"ಪರೀಕ್ಷಾದಾಗೂ ಹಿಂಗೇ ಏನು?"

"ಹೂಂ ಸಾರ್. ಆಕಳು ಬರೋ ಹೊತ್ತಿಗೆ ಗಂಟಿ ಹೊಡೀತಾರ."

"ಸೀದಾ ಆಕಳಿಗೇ ಹೋಗಬಾರದೇನವ್ವಾ?"

ಶರಣಮ್ಮ ನನ್ನ ಹೆಂಗ ನೋಡಿದ್ಲಂದ್ರ, ನಾನು ಯಾರದೋ ಮನ್ಯಾಗ ಬಾಗಲಾ ಬಡೀದಂಗ ಸೀದಾ ಅಡಗಿ ಮನಿಗಿ ನುಗ್ಗೀನಿ ಅನ್ನೋ ಹಂಗ. "ಅದು ಮರ್ಯಾದಿ ಏನ್ರಿ ಸಾರ್? ಯಾರ ಮನಿಗಿ ಹೋದ್ರೂ ಮೊದ್ಲು ಆರಾಮ ಅದೀರೇನು ಅಂತ ಕೇಳಬೇಕು. ಮಕ್ಳು, ಮರಿ, ಮಳಿ, ಬೆಳಿ ಕೇಳಬೇಕು. ಆಮ್ಯಾಲೆ ಬಂದ ಕೆಲಸ. ಪೇಪರು ನೋಡೋರು ದೊಡ್ಡೋರು. ಅವ್ರ ಮುಂದ ದಡಕ್ಕನೆ ಆಕಳು ತಂದು ನಿಲ್ಲಸಬೇಕೇನು?"

ತಮ್ಮಗಳಾ, ನಿಮ್ಮ ತರಬೇತಿ ಕಾಲೇಜಿನಾಗ ಇದನ್ನ ಹೇಳಿರಂಗಿಲ್ಲ. ಪೀಠಿಕಿ ಬರದೇ ಇರೋರು ದಡ್ಡರಲ್ಲ. ಭಾಳ ಮಂದಿ ಮರ್ಯಾದಸ್ತರು. ಶರಣಮ್ಮಗೆ ನಾನು ಗುಳಿಗಿ ಕೊಟ್ಟೆ, ಆಕಿ ಅದನ್ನೂ ಸೃಷ್ಟಿಯ ಆದಿಗೆ ಜೋಡಿಸಿದ್ಲು. ಆಚಾರ್ರ ಶ್ಲೋಕ ಕೊಟ್ಟೆ, ಶ್ಲೋಕ ಬರದ ಋಷಿಯ ಆರೋಗ್ಯ ವಿಚಾರಿಸಿದ್ಲು. ಪರೀಕ್ಷಾ ಹತ್ರ ಬಂತು. ಆಕಿ ಕಣ್ಣಾಗ ನೀರು. "ಸಾರ್, ಈ ಸಲ ಹೋತಂದ್ರ ನಾನು ಹೊಲಕ್ಕ ಕೂಲಿಗೆ ಹೋಗ್ತೀನಿ. ಅದು ಹೋಗ್ಲಿ. ಸಾಲ್ಯಾಗ ಆ ಸಣ್ಣ ಹುಡುಗ್ಯಾರು ಟೀಚರ್ ಟೀಚರ್ ಅಂತ ಸೆರಗು ಹಿಡೀತಾವಲ್ಲಾ, ಅವನ್ನ ಹೆಂಗ ಬಿಡ್ಲಿ?"

ನನಗೂ ಚಿಂತಿ ಹತ್ತಿತು. ಪೀಠಿಕಿ ಮೇಷ್ಟ್ರ ಓಣ್ಯಾಗೇ ಒಬ್ಬಾಕಿ ಪೀಠಿಕಿಯಾಗ ಮುಳುಗಿ ಹೋದ್ಲು ಅಂದ್ರ ನನ್ನ ಹೆಸರು ಏನಾಗಬೇಕು?

ಉತ್ತರ ಸಿಕ್ಕಿದ್ದು ಓಣಿ ನಳದ ಹತ್ರ. ಮುಂಜಾನಿ ನಾನು ಕಟ್ಟಿ ಮ್ಯಾಲೆ ಚಾ ಕುಡಕೋತ ಕುಂತಿದ್ದೆ. ನಳಕ್ಕ ಕೊಡಗಳು ಸಾಲು ಹಚ್ಚಿದ್ವು. ಶರಣಮ್ಮ ಕೊಡ ಇಟ್ಟು ಮನಿಗಿ ಹೋಗಿ ಬರೋದ್ರಾಗ ಯಾರೋ ಆಕಿ ಕೊಡ ಹಿಂದಕ್ಕ ಸರಸಿದ್ರು. ಆಕಿ ಬಂದ್ಲು, ನೋಡಿದ್ಲು, ಸೆರಗು ಸೊಂಟಕ್ಕ ಸಿಗಿಸಿಕೊಂಡ್ಲು.

"ಈ ನನ್ನ ಕೊಡಕ್ಕ ಕಾಲು ಬಂದು ತಾನೇ ನಡದು ಹಿಂದಕ್ಕ ಹೋಗೈತೇನ್ರವ್ವಾ?"

ಓಣಿ ಪೂರಾ ಗಪ್ ಚುಪ್! ನಳ ಒಂದೇ ಮಾತಾಡಾಕತ್ತಿತ್ತು. ಕಸ ಹೊಡಿಯೋರು ಕಸಬರಗಿ ಹಿಡಕೊಂಡೇ ನಿಂತ್ರು. ಹಲ್ಲು ತಿಕ್ಕೋರು ಉಗುಳಲಿಲ್ಲ. ಒಂದೇ ಒಂದು ವಾಕ್ಯ! ಏನಾಗೈತಿ ಅದರಾಗೈತಿ, ಯಾರ ಮ್ಯಾಲೆ ಅನುಮಾನ ಅದರಾಗೈತಿ, ಮುಂದ ಏನಾಗ್ತದಂತ ಕೇಳೋ ಆಸಿ ಅದರಾಗೈತಿ. ಸೃಷ್ಟಿಯ ಆದಿ ಎಲ್ಲೂ ಇಲ್ಲ!

ನಾನು ಚಾ ಚೆಲ್ಲಿ ಎದ್ದೆ. "ಶರಣಮ್ಮಾ! ಅದೇ ಪೀಠಿಕಿ! ಅದನ್ನೇ ಬರಿಬೇಕು!"

"ಸುಮ್ನಿರ್ರಿ ಸಾರ್, ನಾನೀಗ ಜಗಳದಾಗ ಅದೀನಿ."

ಜಗಳ ಮುಗದ ಮ್ಯಾಲೆ ಹಿಡದು ಕೂಡ್ರಿಸಿ ಹೇಳಿದೆ. "ನೋಡವ್ವಾ, ಆರಾಮಿದ್ದಾಗ ನಿನ್ನ ಬಾಯಾಗ ಮರ್ಯಾದಿ ಬರ್ತೈತಿ. ಸಿಟ್ಟು ಬಂದಾಗ ಪೀಠಿಕಿ ಬರ್ತೈತಿ. ಪ್ರಬಂಧಕ್ಕ ಕುಂತಾಗ ಸಿಟ್ಟು ಮಾಡ್ಕೋ."

"ಗ್ರಂಥಾಲಯದ ಮ್ಯಾಲೆ ಏನಂತ ಸಿಟ್ಟು ಮಾಡ್ಕೊಳ್ಳಲಿ ಸಾರ್? ಅದು ನನಗೇನು ಮಾಡೈತಿ?"

"ನಮ್ಮೂರಾಗ ಗ್ರಂಥಾಲಯ ಐತೇನು?"

"ಇಲ್ಲ."

"ನಿಮ್ಮ ಹುಡುಗ್ಯಾರು ಕಥಿ ಪುಸ್ತಕ ಎಲ್ಲಿ ಓದ್ತಾರ?"

ಆಕಿ ಮುಖ ಕೆಂಪಗಾತು. "ಎಲ್ಲಿ ಓದ್ತಾವ ಸಾರ್? ಕಡ್ಲಿ ಕಟ್ಟಿಕೊಟ್ಟ ಹಾಳಿ ಬಿಚ್ಚಿ ಓದ್ತಾವ!"

"ಬರಿ! ಈಗಿಂದೀಗ ಬರಿ!"

ಬರದ್ಲು: "ನಮ್ಮೂರಿನಲ್ಲಿ ಕಥೆ ಓದಬೇಕೆಂದರೆ ಮೊದಲು ಕಡಲೆ ತಿಂದು ಮುಗಿಸಬೇಕು." ನಾನು ಓದಿ ಸುಮ್ನಾದೆ. ನಾನು ಸುಮ್ನಾಗೋದು ಸಣ್ಣ ಮಾತಲ್ಲ, ನಮ್ಮ ಮನಿಯಾಕಿನ್ನ ಕೇಳ್ರಿ.

ಆದ್ರ ಸಿಟ್ಟು ಕರದಾಗ ಬರೋ ವಸ್ತು ಅಲ್ಲ. ಮರುದಿನ ಬಂದು ಮತ್ತ "ಸೃಷ್ಟಿಯ ಆದಿಯಲ್ಲಿ" ಅಂದ್ಲು. ಹಂಗಾಗಿ ಸಿಟ್ಟು ಬರಸೋ ಜವಾಬ್ದಾರಿ ನಾನು ಹೊತ್ಕೊಂಡೆ. ಇದಕ್ಕ ದೇವರು ನನ್ನ ಹುಟ್ಟಿಸಿದ್ದ. ಒಂದಿನ ಆಕಿ ಮನಿ ಮುಂದಿನ ರಂಗೋಲಿಯಾಗ ನವಿಲಿಗೆ ಮೀಸಿ ಬರದು ಬಂದೆ. ಒಂದಿನ ಆಕಿ ಮಾಡಿ ತಂದ ಒಗ್ಗರಣಿ ಮಂಡಕ್ಕಿ ತಿಂದು "ಇದಕ್ಕ ಉಪ್ಪು ಹಾಕಾಕ ಯಾರನ್ನರ ಕಳಸ್ಲೇನು?" ಅಂದೆ. ಬೈತಿದ್ಲು. ಬೈಗಳದ ಮೊದಲ್ನೇ ವಾಕ್ಯ ಹಿಡದು ನಾನು ಪಾಟಿ ಮ್ಯಾಲೆ ಬರಸ್ತಿದ್ದೆ. "ಹಾಂ, ಈಗ ನವಿಲು ತಗಿ, ನೀರಿನ ಮಿತವ್ಯಯ ಹಾಕು. ಇದೇ ಖಾರ ಇರಬೇಕು." ಹಾಕ್ತಿದ್ಲು. ಬರ್ತಿತ್ತು. ಗೌರಮ್ಮ ಒಳಗಿಂದ "ಏನ್ರೀ, ಪಾಠ ಹೇಳ್ತೀರೋ, ಓಣ್ಯಾಗ ಮಾನ ಕಳೀತೀರೋ?" ಅಂತಿದ್ಲು.

ಪರೀಕ್ಷಾ ಇನ್ನೇನು ಬಂತು ಅನ್ನೋವಾಗ ನನ್ನ ದೊಡ್ಡ ಕೆಲಸ ಮಾಡಿದೆ. ಶರಣಮ್ಮನ ಹೊಸಾ ಚಪ್ಲಿ. ಗಂಡ ಸೊಂಟ ನೋವಿನಾಗೂ ಬಳ್ಳಾರಿಗೆ ಹೋಗಿ ತಂದು ಕೊಟ್ಟಿದ್ದ, ಪರೀಕ್ಷಾಕ್ಕ ಹಾಕ್ಕೊಂಡು ಹೋಗ್ಲಿ ಅಂತ. ಆಕಿ ಒಳಗ ಬರಿಯೋವಾಗ ಎಡಗಾಲಿನದು ಒಂದು ಎತ್ತಿಕೊಂಡು ಹೋಗಿ ಮಾಳಿಗಿ ಮ್ಯಾಲೆ ಗೌರಮ್ಮ ಒಣ ಹಾಕಿದ್ದ ಕೆಂಪು ಮೆಣಸಿನಕಾಯಿ ರಾಶ್ಯಾಗ ಹುಗುದು ಬಂದೆ.

ಹೊರಗ ಬಂದ್ಲು. ನೋಡಿದ್ಲು. ಓಣಿ ಎಲ್ಲಾ ಹುಡುಕಿದ್ಲು. ನಾಯಿ ಒಯ್ದಿರಬೇಕು ಅಂತ ನಾನೂ ಜೊತೀಗೆ ಹುಡುಕಿದೆ, ನಾಯಿಗೂ ಬೈದೆ. ಆದ್ರ ನಕ್ಕುಬಿಟ್ಟೆ ನೋಡ್ರಿ, ಅಲ್ಲಿ ಕೆಟ್ಟಿತು. ಆಕಿ ಒಂದು ಚಪ್ಲಿ ಕೈಯಾಗ ಹಿಡಕೊಂಡು ನಿಂತ್ಲು. ಅಲ್ಲಿತನಕ ಬೈದ್ರೂ 'ಸಾರ್' ಅಂತ ಸೇರಿಸೇ ಬೈತಿದ್ಲು.

"ತಲಿ ನೆರಿಯಾಕ ಬಂದೈತಿ, ಬುದ್ಧಿ ಇನ್ನೂ ತೊಟ್ಟಿಲದಾಗ ಮಲಗೈತೇನ್ರಿ?"

"ಭೇಷ್!" ಅಂದೆ. "ಇದನ್ನ 'ವೃದ್ಧಾಪ್ಯ' ಅನ್ನೋ ಪ್ರಬಂಧಕ್ಕ ಇಟ್ಕೋ."

ಗೌರಮ್ಮ ಮಾಳಿಗಿ ಹತ್ತಿ ಹುಡುಕಿ ಚಪ್ಲಿ ತಂದುಕೊಟ್ಲು. ಜಾಡಿಸಿ ಕೊಟ್ಲು, ಆದ್ರ ನಮ್ಮ ಕಡಿ ಮೆಣಸಿನಕಾಯಿ ಜಾಡಿಸಿದ್ರ ಹೋಗ್ತದೇನು? ಶರಣಮ್ಮನ ಎಡಗಾಲು ಮನಿ ಮುಟ್ಟೋದ್ರಾಗ ಉರಿ ಹತ್ತಿ, ಆಕಿ ನಳದ ಕೆಳಗ ಕಾಲು ಇಟ್ಟು ಕುಂತಿದ್ದನ್ನ ಓಣಿ ಮಂದಿ ಎಲ್ಲಾ ನೋಡಿದ್ರು. ನಮ್ಮ ಮನ್ಯಾಗ ನನಗ ಒಂದು ವಾರ ಸಪ್ಪನ ಸಾರು.

ಪರೀಕ್ಷಾ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಆಕಿ ಬಸ್ಸು ಹತ್ತಿ ಕಿಟಕ್ಯಾಗಿಂದ ತಲಿ ಹೊರಗ ಹಾಕಿದ್ಲು. "ಸಾರ್, ಅಲ್ಲಿ ಸಿಟ್ಟು ಬರಲಿಲ್ಲಂದ್ರ? ಅಲ್ಲಿ ನನ್ನ ಕೂಡ ಯಾರು ಜಗಳ ಮಾಡ್ತಾರ?"

"ನನ್ನ ನೆನಸ್ಕೋ ಅವ್ವಾ. ತಾನೇ ಬರ್ತೈತಿ."

ಸಂಜಿಕ ಬಂದ್ಲು. ಹೆಂಗಾತು ಅಂದ್ರ "ಬರದೀನಿ ಸಾರ್" ಅಂತ ಸೆರಗು ಬಾಯಿಗಿ ಅಡ್ಡ ಹಿಡಕೊಂಡು ಮನಿಗಿ ಓಡಿದ್ಲು. ಏನು ಬರದೀ ಅಂದ್ರ ಹೇಳವಲ್ಲಳು.

ಈಗ ಪೇಪರು ತಿದ್ದೋದರ ಬಗ್ಗೆ ಎರಡು ಮಾತು, ಹೊಸಬರಿಗೆ ಬೇಕಾದ್ದು. ಬಳ್ಳಾರಿ ಬ್ಯಾಸಗಿ. ಕೋಟಿ ಗುಡ್ಡ ಕಾದು ಹಂಚು ಆಗಿರ್ತೈತಿ. ಸಾಲಿ ಹಾಲಿನಾಗ ಫ್ಯಾನು ತಿರಗಿದ್ರ ಬಿಸಿ ಗಾಳಿ, ನಿಂತ್ರ ಬೆವರು. ಒಬ್ಬೊಬ್ಬರ ಮುಂದ ಪೇಪರಿನ ಕಟ್ಟು. ಅಲ್ಲಿ ಕುಂತ ಮೇಷ್ಟ್ರು ಪ್ರಬಂಧ ಪೂರಾ ಓದ್ತಾರಂತ ನೀವು ತಿಳಕೊಂಡಿದ್ರ ನಿಮಗ ಇನ್ನೂ ಹಾಲು ಹಲ್ಲು. ಮ್ಯಾಲಿನ ಎರಡು ಸಾಲು, ಕೆಳಗಿನ ಎರಡು ಸಾಲು, ನಡುವ ಗೇಣು ಹಾಕಿ ಅಳಿಯೋದು. ಮ್ಯಾಲಿನ ಎರಡು ಸಾಲು ಹಿಡದು ನಿಲ್ಲಿಸಿದ್ರ ಉಂಟು, ಇಲ್ಲಂದ್ರ ಗೇಣೇ ಗತಿ.

ಆ ಸಲ ಟೀಚರುಗಳ ಪರೀಕ್ಷಾ ಪೇಪರು ತಿದ್ದಾಕ ನನ್ನೂ ಕರದ್ರು. ಹೋಗಿ ನೋಡಿದ್ರ ಮುಖ್ಯ ಪರೀಕ್ಷಕರ ಕುರ್ಚಿ ಮ್ಯಾಲೆ ಯಾರು? ಶೇಷಾಚಾರ್ರು! ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನ ನೋಡಿದ ಕೂಡ್ಲೆ ಟೇಬಲಿನ ಮ್ಯಾಲಿದ್ದ ನಸ್ಯದ ಡಬ್ಬಿ ಎತ್ತಿ ಕಿಸೆಯಾಗ ಇಟ್ಕೊಂಡ್ರು.

ಶುರುವಿಗೇ ಎದ್ದು ನಿಂತು ಹೇಳಿದ್ರು: "ಪೇಪರಿನ ಮೇಲೆ ನಂಬರು ಮಾತ್ರ ಇರುತ್ತದೆ. ಬರೆದವರು ಯಾರು ಅಂತ ಗುರುತು ಹತ್ತಿತೋ, ಆ ಪೇಪರು ರದ್ದು. ದಾಕ್ಷಿಣ್ಯ ಇಲ್ಲ."

ಪ್ರಬಂಧದ ವಿಷಯ ಏನಂದ್ರ, "ನನ್ನ ಮೆಚ್ಚಿನ ಗುರುಗಳು". ನನ್ನ ಕಟ್ಟಿನಾಗ ಒಂದೊಂದೇ ತಗದೆ. ಅರ್ಧ ಮಂದಿ ಅದೇ 'ಗುರುಬ್ರಹ್ಮ' ಶ್ಲೋಕ. ಉಳದ ಅರ್ಧ ಮಂದಿ, ಏನು ಹೇಳ್ಲಿ, "ಗುರುಗಳು ಇಲ್ಲದ ಬದುಕನ್ನು ಊಹಿಸಲೂ ಸಾಧ್ಯವಿಲ್ಲ"! ನನ್ನ ಗುಳಿಗಿ! ಸಿರುಗುಪ್ಪದಾಗ ಹುಟ್ಟಿದ್ದು ಜಿಲ್ಲಾ ಪೂರಾ ತಿರುಗಿ ಬಂದು ನನ್ನ ಮುಂದೇ ಕುಂತಿತ್ತು. ನನಗ ಹೆಮ್ಮಿ ಆತು, ನಿದ್ದಿನೂ ಬಂತು.

ಆವಾಗ ಆಚಾರ್ರ ಟೇಬಲಿನ ಕಡಿಂದ ಒಂದು ಸಪ್ಪಳ. ಆಚಾರ್ರು ಒಂದು ಪೇಪರು ಹಿಡದು ಎದ್ದು ನಿಂತಿದ್ದರು.

"ಎಲ್ಲರೂ ಸ್ವಲ್ಪ ಕೇಳಿರಯ್ಯಾ." ಓದಿದ್ರು. "'ನನ್ನ ಮೆಚ್ಚಿನ ಗುರುಗಳು ನನ್ನ ಚಪ್ಪಲಿ ಕದ್ದಿದ್ದಾರೆ.'"

ಹಾಲಿನಾಗ ಪೆನ್ನುಗಳು ನಿಂತ್ವು.

"'ಒಂದೇ ಕಾಲಿನದು. ಎರಡೂ ಕದ್ದಿದ್ದರೆ ಕಳ್ಳರು ಎನ್ನುತ್ತಿದ್ದೆ. ಒಂದೇ ಕದ್ದಿದ್ದರಿಂದ ಗುರುಗಳು ಎನ್ನುತ್ತೇನೆ.'"

ನಗು ಒಡೀತು. ಪೇಪರು ಹಾರಿದ್ವು. ನಾನೊಬ್ಬನೇ ನಗಲಿಲ್ಲ. ಎದ್ದು ನಿಂತು "ಅದು ನಾನೇ! ಆ ಗುರು ನಾನೇ! ಕಲಿಸಿದಾವ ನಾನೇ!" ಅಂತ ಟೇಬಲಿನ ಮ್ಯಾಲೆ ಹತ್ತಿ ಕೂಗಬೇಕಿತ್ತು. ಜೀವನದಾಗ ಅಷ್ಟು ಜಂಬ ಕೊಚ್ಚಿಕೊಳ್ಳೋ ಅವಕಾಶ ಮತ್ತ ಬರಂಗಿಲ್ಲ. ಆದ್ರ ನಾನು ಬಾಯಿ ತಗದ್ರ ಬರದಾಕಿ ಗುರುತು ಹತ್ತಿತು. ಗುರುತು ಹತ್ತಿದ್ರ ಪೇಪರು ರದ್ದು. ಪೇಪರು ರದ್ದಾದ್ರ ಶರಣಮ್ಮ ಕೂಲಿಗೆ. ನಾನು ನಾಲಿಗಿ ಕಚ್ಚಿ ಹಿಡಕೊಂಡೆ. ಖರೇನೇ ಕಚ್ಚಿದ್ದೆ, ಎರಡು ದಿನ ಖಾರ ತಿನ್ನಾಕ ಆಗ್ಲಿಲ್ಲ.

ಒಬ್ಬ ದಪ್ಪ ಕನ್ನಡಕದ ಮೇಷ್ಟ್ರು ಎದ್ದು "ಸಾರ್, ಗುರುವಿಗೆ ಚಪ್ಪಲಿ ಕಳ್ಳ ಅಂದಾರ! ಸೊನ್ನಿ ಹಾಕ್ರಿ. ಇಂಥಾರು ನಾಳೆ ಮಕ್ಕಳಿಗೆ ಏನು ಕಲಸ್ತಾರ?" ಅಂದ. ಇನ್ನಿಬ್ರು ಹೌದೌದು ಅಂದ್ರು.

ಆಚಾರ್ರು ಮುಂದ ಓದಿದ್ರು. ಆ ಗುರು ಬೈಸಿಕೊಂಡು ಹೆಂಗ ಬರಿಯೋದು ಕಲಿಸಿದ ಅಂತ ಇತ್ತು. ಗುರು ಹೆಸರಿಲ್ಲ, ಊರಿಲ್ಲ. ಓಣಿ ನಳ ಇತ್ತು, ಅದು ಎಲ್ಲಾ ಊರಾಗೂ ಐತಿ. ಮೆಣಸಿನಕಾಯಿ ಇತ್ತು, ಅದೂ ಐತಿ. ಆಚಾರ್ರು ಪೇಪರು ಕೆಳಗಿಟ್ಟು ಹಾಲಿನಾಗ ಎಲ್ಲಾರ ಮುಖ ಒಂದೊಂದೇ ನೋಡಿಕೋತ ಬಂದು ನನ್ನ ಮ್ಯಾಲೆ ನಿಲ್ಲಿಸಿದ್ರು.

"ಪಂಪಾಪತಿ, ನಿನ್ನ ಅಭಿಪ್ರಾಯ ಏನಯ್ಯಾ? ಈ ಗುರು ಯಾರಿರಬಹುದು?"

"ಯಾವನೋ ಹುಚ್ಚ ಇರಬೇಕು ಸಾರ್" ಅಂದೆ. "ಸರೀ ತಲಿ ಇದ್ದಾವ ಇಂಥಾ ಕೆಲಸ ಮಾಡಂಗಿಲ್ಲ. ನಮ್ಮ ಇಲಾಖ್ಯಾಗಂತೂ ಇಂಥಾವ ಇರಾಕ ಸಾಧ್ಯನೇ ಇಲ್ಲ."

"ಕೆಳಗಿನ ದರ್ಜೆಯ ಮನುಷ್ಯ ಅಂತೀಯಾ?"

"ಭಾಳ ಕೆಳಗಿನ ದರ್ಜಿ ಸಾರ್."

"ಮೆಣಸಿನ ಪುಡಿ, ಗಿಣಸಿನ ಪುಡಿ, ಅಂಥಾ ಹವ್ಯಾಸ ಇರೋವನು?"

"...ಇದ್ರೂ ಇರಬೌದು ಸಾರ್."

ಆಚಾರ್ರು ಮತ್ತ ಪೇಪರಿನ ಮೊದಲ್ನೇ ಸಾಲು ನೋಡಿದ್ರು. ತುಟಿ ಬಿಗಿ ಹಿಡದಿದ್ರು, ಆದ್ರ ನಗು ಮೂಗಿನಾಗಿಂದ ಹೊರಬಿತ್ತು, ನಗು ಹೋಗಿ ಸೀನಾತು. ಆಕ್ಷೀ! ಡಬ್ಬಿ ಕಿಸೆಯಾಗೇ ಇತ್ತು. ನಸ್ಯ ಇಲ್ಲದಂಗ ಸೀನಿದ್ರು.

"ಸೀನು ಬಂತು" ಅಂದ್ರು. ಕೆಂಪು ಪೆನ್ನು ತಗದು ಪ್ರಬಂಧಕ್ಕ ತಾವೇ ಅಂಕ ಹಾಕಿ ಸಹಿ ಮಾಡಿದ್ರು. ದಪ್ಪ ಕನ್ನಡಕ ಮತ್ತ ಏಳಾಕ ಹೋತು. "ಕೂತ್ಕೋ ಅಯ್ಯಾ. ಗುರುವನ್ನು ಪೂಜೆ ಮಾಡಿದೋರು ಬೇಕಾದಷ್ಟು ಮಂದಿ ನಿಮ್ಮ ಕಟ್ಟಿನಲ್ಲಿದ್ದಾರೆ. ಗುರುವನ್ನು ನೋಡಿದೋರು ಇವರೊಬ್ಬರೇ."

ಅವತ್ತು ಚಾ ಹೊತ್ನ್ಯಾಗ ಎಲ್ಲಾ ಮೇಷ್ಟ್ರದೂ ಒಂದೇ ಮಾತು, ಆ ಚಪ್ಲಿ ಕಳ್ಳ. ಬಾಯಿಗಿ ಬಂದಂಗ ಬೈದ್ರು. ನಾನೂ ಬೈದೆ. ಯಾರಿಗೂ ಅನುಮಾನ ಬರಬಾರದಂತ ಎಲ್ಲಾರಿಗಿಂತ ಹೆಚ್ಚು ಬೈದೆ. ನನ್ನ ಬಗ್ಗೆ ಅಷ್ಟು ಚಲೋ ಬೈಗಳ ನನ್ನ ಬಿಟ್ಟು ಯಾರಿಗೆ ಬರಬೇಕು?

ಸಂಜಿಕ ಹಾಲಿನ ಬಾಗಲದಾಗ ಎಲ್ಲಾರೂ ಚಪ್ಲಿ ಹಾಕ್ಕೊಳ್ಳೋವಾಗ ಆಚಾರ್ರು ಬಂದ್ರು. ತಮ್ಮ ಎರಡೂ ಚಪ್ಲಿ ಕೈಯಾಗ ಎತ್ತಿಕೊಂಡು, ಛತ್ರಿ ಇಟ್ಟುಕೊಂಡಂಗ ಬಗಲಾಗ ಇಟ್ಟುಕೊಂಡು, ನನ್ನ ದಾಟಿ ಗೇಟಿನತನಕ ಬರಿಗಾಲಾಗ ನಡದ್ರು. ಅಲ್ಲಿ ನಿಂತು ತಿರುಗಿ ನೋಡಿ ಹಾಕ್ಕೊಂಡ್ರು.

ಕುರುಗೋಡಿಗೆ ಬಂದ ಮ್ಯಾಲೂ ಫಲಿತಾಂಶ ಬರೋತನಕ ನಾನು ಬಾಯಿ ಬಿಡಲಿಲ್ಲ. ಹೊಟ್ಟಿ ಉಬ್ಬಿ ಹೋಗಿತ್ತು. ಗೌರಮ್ಮ "ಏನಾಗೈತ್ರಿ ನಿಮಗ, ಇಷ್ಟು ಗಪ್ ಅದೀರಿ, ಡಾಕ್ಟ್ರನ್ನ ಕರಸ್ಲೇನು?" ಅಂದ್ಲು.

ಶರಣಮ್ಮ ಪಾಸಾದ್ಲು. ಕಾಯಂ ಆದ್ಲು. ಗಂಡನ್ನ ಮೆಲ್ಲಕ ನಡಸಿಕೊಂಡು, ಮಕ್ಳನ್ನ ಕರಕೊಂಡು ಪೇಡೆ ತಂದ್ಲು. ನನ್ನ ಕಾಲಿಗೆ ಬಿದ್ಲು. ಗೌರಮ್ಮನ ಆರೋಗ್ಯ ಕೇಳಿದ್ಲು, ಮಳಿ ಬೆಳಿ ಕೇಳಿದ್ಲು, ಎಲ್ಲಾ ಮರ್ಯಾದಿ ಮಾಡಿ ಹೋದ್ಲು.

ಮರುದಿನ ಮುಂಜಾನಿ ಸಾಲಿಗೆ ಹೊಂಟು ಬಾಗಲಕ್ಕ ಬಂದೆ. ಬಲಗಾಲಿನ ಚಪ್ಲಿ ಐತಿ. ಎಡಗಾಲಿಂದು ಇಲ್ಲ.

ಓಣಿ ಮಂದಿ ಎಲ್ಲಾ ಅವತ್ತೇ ಕಸ ಹೊಡಿಯಾಕ ಹೊರಗ ಬಂದಿದ್ರು. ಒಂದು ಕಾಲು ಕೆಂಡ ತುಳದಂಗ, ಒಂದು ಕಾಲು ಮದುಮಗನಂಗ ಇಟ್ಟುಕೋತ ಹೆಣ್ಮಕ್ಕಳ ಸಾಲಿತನಕ ಹೋದೆ. ಶರಣಮ್ಮ ಬೋರ್ಡಿನ ಮುಂದ ನಿಂತಿದ್ಲು. ಸಣ್ಣ ಹುಡುಗ್ಯಾರೆಲ್ಲಾ ಎದ್ದು "ನಮಸ್ಕಾರ ಸಾರ್" ಅಂದ್ವು.

ಅಷ್ಟು ಮಕ್ಳ ಮುಂದ ಚಪ್ಲಿ ಕೇಳೋದು ಹೆಂಗ? "ಏನವ್ವಾ ಶರಣಮ್ಮ, ಆರಾಮ ಅದೀಯೇನು?" ಅಂದೆ. "ಮಕ್ಳು ಆರಾಮ ಅದಾವೇನು? ನಿನ್ನ ಯಜಮಾನ್ರ ಸೊಂಟ ಹೆಂಗೈತಿ? ಈ ವರ್ಷ ಬಿಸಲು ನೋಡು, ನೆಲ ಕಾಲಿಗಿ ಹತ್ತಾಕತ್ತೈತಿ..."

ಶರಣಮ್ಮ ಸೀಮೆಸುಣ್ಣ ಕೆಳಗಿಟ್ಲು.

"ಪೀಠಿಕಿ ಬ್ಯಾಡ ಸಾರ್. ವಿಷಯಕ್ಕ ಬರ್ರಿ."

ಮೇಷ್ಟ್ರಾಗಿ ನಾನು ಎಷ್ಟೋ ಮಂದಿಗೆ ಅಂದ ಮಾತು ಅದು. ನನಗ ಅಂದಾಕಿ ಆಕಿ ಒಬ್ಬಾಕಿ.

"ನನ್ನ ಎಡಗಾಲಿನ ಚಪ್ಲಿ ಎಲ್ಲೈತಿ?" ಅಂದೆ.

"ಭೇಷ್!" ಅಂದ್ಲು. ಹುಡುಗ್ಯಾರು ಚಪ್ಪಾಳಿ ತಟ್ಟಿದ್ವು. ಟೇಬಲಿನ ಕೆಳಗಿಂದ ಚಪ್ಲಿ ತಗದು, ಎರಡೂ ಕೈಲಿ, ಭಾಳ ಮರ್ಯಾದಿಯಿಂದ ನನ್ನ ಮುಂದ ಇಟ್ಲು. ಒರಸಿ ಇಟ್ಟಿದ್ಲು, ಮಿಂಚಾಕತ್ತಿತ್ತು. ನಾನು ಹಾಕ್ಕೊಂಡು, ಎದಿ ಸೆಟಿಸಿ, ನಮ್ಮ ಸಾಲಿ ಕಡಿ ನಡದೆ.

ಆ ಚಪ್ಲಿ ಅಲ್ಲಿತನಕ ಎಲ್ಲಿತ್ತು ಅನ್ನೋದು ನನಗ ಹನಮಪ್ಪನ ಗುಡಿ ಹತ್ರ ಬಂದಾಗ ಗೊತ್ತಾತು. ಅಲ್ಲಿಂದ ಓಣಿ ನಳದತನಕ ನಾನು ಎಷ್ಟು ಜೋರು ಓಡಿದೆ ಅಂದ್ರ, ಆ ವಯಸ್ಸಿನಾಗ ಹಂಗ ಓಡಿದ ಮೇಷ್ಟ್ರು ಈ ಮೂರೂ ಊರಾಗ ಇನ್ನೊಬ್ಬ ಇಲ್ಲ.